ಎತ್ತಿಟ್ಟ ಹೂಂ

ಬೆಳಿಗ್ಗೆ ಹಲ್ಲುಜ್ಜುವಾಗ ಮತ್ತೆ ಕೇಳಿಸಿತು. ನಲ್ಲಿ ತಿರುಗಿಸಿದ ಮೇಲೆ ನೀರು ಬರುವ ಮುಂಚೆ ಕೊಳವೆಯೊಳಗಿನ ಗಾಳಿ ಒಮ್ಮೆ ಗೊರಗುಟ್ಟುತ್ತದಲ್ಲ, ಅದರ ಕೊನೆಯಲ್ಲಿ, ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿದ ಒಂದು ಹೂಂ. ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಅವಳು ನಲ್ಲಿ ನಿಲ್ಲಿಸಿದಳು. ಏನೂ ಇಲ್ಲ. ಮತ್ತೆ ತಿರುಗಿಸಿದಳು. ಬರೀ ನೀರು. ನೊರೆ ಉಗುಳಿ ಕನ್ನಡಿ ನೋಡಿಕೊಂಡು, ನಿನಗೆ ತಲೆ ಕೆಟ್ಟಿದೆ ಕಣೇ ಅಂದುಕೊಂಡಳು. ನಿನ್ನೆ ಲಿಫ್ಟಿನ ಬಾಗಿಲು ಮುಚ್ಚಿಕೊಂಡಾಗಲೂ ಕೇಳಿಸಿತ್ತು. ಮೊನ್ನೆ ಫ್ರಿಜ್ಜು ತನ್ನಷ್ಟಕ್ಕೆ ನಡುಗಿ ಸುಮ್ಮನಾದಾಗಲೂ. ಇಷ್ಟಕ್ಕೂ ಅದೇನು ದೆವ್ವದ ಧ್ವನಿಯಲ್ಲ. ಆ ಹೂಂ ಅಂದವನು ಬದುಕಿದ್ದಾನೆ, ಇವತ್ತು ಮಧ್ಯಾಹ್ನ ಹೆಂಡತಿಯನ್ನು ಕರೆದುಕೊಂಡು ಸ್ಟುಡಿಯೋಗೆ ಬರುತ್ತಾನೆ. ಸತ್ತವರು ಕಾಡುತ್ತಾರೆ ಅಂದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಬದುಕಿದ್ದವನ ಅರ್ಧ ಉಸಿರು ಕಾಡುತ್ತದೆ ಅಂತ ಯಾರ ಹತ್ತಿರ ಹೇಳಿಕೊಳ್ಳುವುದು?

"ಸಂಜೆ ಅಣ್ಣ ಅತ್ತಿಗೆ ಬರ್ತಾರಂತೆ. ಸ್ವಲ್ಪ ಬೇಗ ಬಾ, ಆಯ್ತಾ?" ಗಂಡ ಅಡುಗೆಮನೆಯಿಂದ ಕೂಗಿದ.

"ಹೂಂ."

"ಇದು ಯಾವ ಹೂಂ?"

ಅದು ಅವರ ಮನೆಯ ಹಳೇ ತಮಾಷೆ. ಮದುವೆಗೆ ಮುಂಚೆ ಅವಳ ಅಣ್ಣ ಒಂದು ದಿನ ಕೆಲಸದ ಜಾಗಕ್ಕೆ ಫೋನ್ ಮಾಡಿದ್ದ. ಹುಡುಗನಿಗೆ ಕನ್ನಡಕದ ಅಂಗಡಿ ಇದೆ, ದುರಭ್ಯಾಸ ಇಲ್ಲ, ಅಮ್ಮನಿಗಂತೂ ಹಿಡಿಸಿಬಿಟ್ಟಿದ್ದಾನೆ ಅಂತ ಶುರು ಮಾಡಿದ. ಅವಳ ಕಣ್ಣು ಎದುರಿನ ಯಂತ್ರದಲ್ಲಿ ಓಡುತ್ತಿದ್ದ ಫಿಲ್ಮಿನ ಮೇಲೆ. ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹೂಂ, ಹೂಂ ಅನ್ನುತ್ತಾ ಹೋದಳು. ಕೇಳಿಸ್ಕೊಳ್ತಿದ್ದೀನಿ, ಮುಂದೆ ಹೇಳು ಅನ್ನುವ ಹೂಂ. ಅಣ್ಣ ಫೋನಿಟ್ಟವನೇ ಮನೆಯಲ್ಲಿ 'ಒಪ್ಪಿದಳು' ಅಂದ. ಸಂಜೆ ಹೋದರೆ ಅಮ್ಮ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಾಳೆ. ನಾನೆಲ್ಲಿ ಒಪ್ಪಿದೆ ಅಂದರೆ, ಹೂಂ ಅಂದ್ಯಲ್ಲೇ ಅನ್ನುತ್ತಾನೆ ಅಣ್ಣ. ಬೇಡ ಅನ್ನುವುದಕ್ಕೆ ಒಂದು ಕಾರಣ ಹುಡುಕುವಷ್ಟರಲ್ಲಿ ಮದುವೆಯೇ ಆಗಿಹೋಯಿತು. ಗಂಡ ಒಳ್ಳೆಯವನು, ಬಂದ ತೊಂದರೆಯೇ ಅದು. ಕೆಟ್ಟವನಾಗಿದ್ದರೆ ಆ ಹೂಂ ನನ್ನದಲ್ಲ ಅಂತ ಜಗಳವಾಡಬಹುದಿತ್ತು. ಈಗ ಅದು ತನ್ನದೋ, ಅಣ್ಣನದೋ ಅವಳಿಗೇ ಗೊತ್ತಿಲ್ಲ. ಅದರ ಮೇಲೆ ಒಂದು ಮನೆ, ಒಬ್ಬ ಮಗಳು, ಇಷ್ಟು ವರ್ಷದ ಊಟ ತಿಂಡಿ ಎಲ್ಲ ನಿಂತಿದೆ.

"ಬರ್ತೀನಿ ಅನ್ನೋ ಹೂಂ," ಅಂದಳು. ಯಾವತ್ತೂ ಇಬ್ಬರೂ ನಗುವ ಜಾಗ. ಇವತ್ತು ಗಂಡ ಒಬ್ಬನೇ ನಕ್ಕ.

ಸ್ಟುಡಿಯೋ ಅಂದರೆ ದೊಡ್ಡದೇನಲ್ಲ. ಟೈಲರ್ ಅಂಗಡಿಯ ಮೇಲಿನ ಮಹಡಿ, ಎರಡು ಕೋಣೆ. ಒಂದರಲ್ಲಿ ಕಂಪ್ಯೂಟರು, ಇನ್ನೊಂದರಲ್ಲಿ ಗೋಡೆಗೆ ಬಿಳಿ ಪರದೆ ಕಟ್ಟಿ ನಾಲ್ಕು ಕುರ್ಚಿ ಹಾಕಿದ ಕತ್ತಲೆಕೋಣೆ. ಇಲ್ಲಿ ಅವಳ ಹೆಸರು ಕತ್ತರಿಯಕ್ಕ. ಕತ್ತರಿಯೂ ಹೋಯಿತು, ಕತ್ತರಿಸುವ ಫಿಲ್ಮೂ ಹೋಯಿತು, ಹೆಸರು ಮಾತ್ರ ಅಂಟಿಕೊಂಡಿದೆ. ನಿರ್ದೇಶಕ ಊರೂರು ಸುತ್ತಿ ತಂದದ್ದನ್ನು ಆರಿಸಿ, ಕತ್ತರಿಸಿ, ಜೋಡಿಸಿ ಸಾಕ್ಷ್ಯಚಿತ್ರ ಮಾಡುವವಳು ಅವಳು. ನಿರ್ದೇಶಕ ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಅಕ್ಕ ಅಂತಲೇ ಕರೆಯುತ್ತಾನೆ. ಹೋದ ವರ್ಷ ಒಂದು ಚಿತ್ರೋತ್ಸವದ ಪುಸ್ತಕದಲ್ಲಿ ಅವಳನ್ನು 'ನಿರ್ದೇಶಕರ ಸಹೋದರಿ, ಬಿಡುವಿನ ವೇಳೆಯಲ್ಲಿ ಸಂಕಲನದಲ್ಲಿ ನೆರವಾಗುತ್ತಾರೆ' ಅಂತ ಅಚ್ಚು ಹಾಕಿಬಿಟ್ಟಿದ್ದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು, ನಕ್ಕು ಬಾತ್‌ರೂಮಿಗೆ ಹೋಗಿ ಸುಮ್ಮನೆ ಸ್ವಲ್ಪ ಹೊತ್ತು ನಿಂತು ಬಂದಳು.

ಕಂಪ್ಯೂಟರ್ ಹಾಕಿದಳು. ಮೊದಲು ಬಂದದ್ದೇ ಆ ಹೂಂ ಅಂದವನ ಅಂಗೈ. ಒಂದು ಬಡಾವಣೆಯ ಕುಡಿಯುವ ನೀರಿಗೆ ಚರಂಡಿ ಸೇರಿ ಮಕ್ಕಳು ಸಾಲುಸಾಲಾಗಿ ಸತ್ತಿದ್ದರು. ತನಿಖೆ ಅಂತ ಒಂದು ಆಯಿತು. ನೀರು ಕೆಟ್ಟದ್ದು ಯಾರಿಗೂ ಗೊತ್ತಿರಲಿಲ್ಲ, ಯಾರೂ ತಿಳಿಸಲಿಲ್ಲ ಅಂತ ದೊಡ್ಡವರೆಲ್ಲ ಕೈ ತೊಳೆದುಕೊಂಡರು. ನಿರ್ದೇಶಕ ಅದೇ ಬಡಾವಣೆಯಲ್ಲಿ ಕೋಣೆ ಹಿಡಿದು ತಿಂಗಳುಗಟ್ಟಲೆ ಇದ್ದ. ಕೊನೆಗೊಂದು ದಿನ ಪಂಪ್‌ಹೌಸಿನಲ್ಲಿ ನೀರು ಬಿಡುವವನನ್ನು ಕ್ಯಾಮೆರಾ ಮುಂದೆ ಕೂರಿಸಿ ನೇರವಾಗಿ ಕೇಳಿದ: "ನೀರು ಕೆಟ್ಟಿದೆ ಅಂತ ನಿಮಗೆ ಗೊತ್ತಿತ್ತು. ಮೇಲಿನವರಿಗೆ ಹೇಳಿದ್ರಿ. ಆದ್ರೂ ಬಿಡು ಅಂದ್ರು. ಹೌದಾ?" ಅವನು ಉತ್ತರ ಕೊಡಲಿಲ್ಲ. ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತ. ಕೂತ, ಕೂತೇ ಇದ್ದ. ಹೊರಗೆ ಯಾವುದೋ ಲಾರಿ ಹಾರ್ನ್ ಹೊಡೆಯಿತು; ಪಂಪ್ ನೋಡ್ಬೇಕು ಅಂತ ಎದ್ದು ಹೋದ. ಮತ್ತೆ ಆ ಮಾತಿಗೆ ಸಿಗಲಿಲ್ಲ. ಹೂಂ ಇದ್ದದ್ದು ಅದಕ್ಕಿಂತ ಮುಂಚೆ, ಬೇರೆ ಮಾತಿಗೆ. "ನಿಮ್ಮ ಮೊಮ್ಮಗಳು ಆಟ ಆಡೋಕೆ ಪಂಪ್‌ಹೌಸಿಗೆ ಬರ್ತಿದ್ಲಂತೆ?" ಅಂತ ಕೇಳಿದ್ದಕ್ಕೆ ಅವನು ತಲೆ ತಗ್ಗಿಸಿ, ಗಂಟಲಿಗೂ ಕೇಳಿಸದ ಹಾಗೆ, ಹೂಂ ಅಂದಿದ್ದ. ಸತ್ತ ಮಕ್ಕಳಲ್ಲಿ ಆ ಮೊಮ್ಮಗಳೂ ಒಬ್ಬಳು.

ಕತ್ತರಿಯಕ್ಕ ಆ ಹೂಂ ಎತ್ತಿಟ್ಟದ್ದು ತಮಾಷೆಗೆ, ದೇವರಾಣೆಗೂ ತಮಾಷೆಗೆ. ಈ ಕಸುಬಿನವರಿಗೆ ಇಂಥ ಕಪಿಚೇಷ್ಟೆಗಳಿವೆ: ಮಂತ್ರಿಯ ಬಾಯಿಗೆ ಮೇಕೆಯ ಧ್ವನಿ ಕೂರಿಸುವುದು, ನಿರ್ದೇಶಕ ಕೆಮ್ಮಿದ್ದನ್ನೆಲ್ಲ ಸಾಲಾಗಿ ಜೋಡಿಸಿ ಅವನ ಹುಟ್ಟುಹಬ್ಬಕ್ಕೆ ತೋರಿಸುವುದು. ಆವತ್ತು ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಎಲ್ಲ ಇದೆ ಅಕ್ಕ, ಅಳು ಇದೆ, ಶವ ಇದೆ, ಕೊಳವೆ ಇದೆ, ಒಬ್ಬನೂ ಹೌದು ಅನ್ನಲ್ಲ ಅಂತ ಗೋಳಾಡಿದ. ತಗೋ ನಿನ್ನ ಹೌದು ಅಂತ ಅವಳು ಮೊಮ್ಮಗಳ ಮಾತಿಗೆ ಅವನು ಅಂದ ಹೂಂ ಅನ್ನು ಎತ್ತಿ ತಂದು, ಅಂಗೈಯ ಚಿತ್ರದ ಮೇಲೆ, ಆ ದೊಡ್ಡ ಪ್ರಶ್ನೆಯ ಪಕ್ಕದಲ್ಲಿಟ್ಟು ಓಡಿಸಿದಳು. ಇಬ್ಬರೂ ನಗಬೇಕಿತ್ತು. ಯಾರೂ ನಗಲಿಲ್ಲ. ಪ್ರೀತಿಗೆ ತಗ್ಗಿದ ಧ್ವನಿ ಅಲ್ಲಿ ಬಂದು ಕೂತ ತಕ್ಷಣ ತಪ್ಪಿಗೆ ತಗ್ಗಿದ ಧ್ವನಿಯಾಗಿಬಿಟ್ಟಿತ್ತು. ನಿರ್ದೇಶಕ ಇನ್ನೊಂದು ಸಲ ಹಾಕಿ ಅಂದ. ಮತ್ತೊಂದು ಸಲ ಅಂದ. ಆಮೇಲೆ ಅವನ ಕಣ್ಣು ತುಂಬಿ ಬಂತು. ಅದು ಅಲ್ಲೇ ಉಳಿಯಿತು. ಅದು ಉಳಿದ ಮೇಲೆ ಅದಕ್ಕೆ ಒಗ್ಗದ ಇನ್ನೊಂದನ್ನು ತೆಗೆಯಬೇಕಾಯಿತು. ನೀರು ಬಿಡುವವನ ಹೆಂಡತಿ ಬಾಗಿಲ ಹೊಸ್ತಿಲಲ್ಲಿ ಕೂತು ಹೇಳಿದ ಮಾತು: "ಬೀದಿಯವರು ಏನು ಬೇಕಾದ್ರೂ ಅಂದ್ಕೊಳ್ಳಲಿ. ಇವರಿಗೆ ಗೊತ್ತಿದ್ದಿದ್ರೆ ಮನೇಲಿ ಒಂದು ಮಾತು ಹೇಳ್ತಿರ್ಲಿಲ್ವಾ? ಆ ಮಗು ಇವರ ಎದೆ ಮೇಲೇ ಮಲಗ್ತಿತ್ತು." ಬೀದಿಯಲ್ಲಿ ಅವರ ಜೊತೆ ಯಾರೂ ಮಾತಾಡುವುದಿಲ್ಲ. ಆ ಹೆಂಗಸು ಈ ಒಂದು ನಂಬಿಕೆ ಹಿಡಿದುಕೊಂಡು ಗಂಡನಿಗೆ ಇನ್ನೂ ಊಟ ಬಡಿಸುತ್ತಿದ್ದಾಳೆ. ಇವತ್ತು ಅವಳು ಆ ಕತ್ತಲೆಕೋಣೆಯಲ್ಲಿ ಕೂತು ಗಂಡನ ಹೂಂ ಕೇಳುತ್ತಾಳೆ.

ಆ ಹೂಂ ತೆಗೆದುಬಿಡುತ್ತೇನೆ ಅಂತ ಕತ್ತರಿಯಕ್ಕ ಮೌಸ್ ಮೇಲೆ ಕೈಯಿಟ್ಟಳು. ಒಂದು ಗುಂಡಿ ಒತ್ತಿದರೆ ಸಾಕು. ಹಿಂದೆ ಹೀಗಿರಲಿಲ್ಲ, ತೆಗೆದದ್ದು ಕೈಯಲ್ಲಿ ಉಳಿಯುತ್ತಿತ್ತು, ಕಾಲಡಿ ಬಿದ್ದಿರುತ್ತಿತ್ತು, ಗುಡಿಸಬೇಕಾಗುತ್ತಿತ್ತು. ಸರ್ಕಾರಿ ವಾರ್ತಾಚಿತ್ರ ವಿಭಾಗದಲ್ಲಿ ಅವಳಿಗೆ ಕೆಲಸ ಕಲಿಸಿದ ಗುರುಗಳ ಮೇಜಿನ ಮೇಲೆ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಮೇಲೆ ಬಿಳಿ ಬಣ್ಣದಲ್ಲಿ 'ಚಪ್ಪಾಳೆ' ಅಂತ ಬರೆದಿತ್ತು. ಯಾವ ಭಾಷಣ ಸಪ್ಪೆಯಾದರೂ ಗುರುಗಳು "ಡಬ್ಬಿ ತಾರಮ್ಮ" ಅನ್ನುತ್ತಿದ್ದರು. ಅದರಲ್ಲಿದ್ದ ಫಿಲ್ಮಿನ ತುಂಡನ್ನು ಭಾಷಣಕ್ಕೆ ಅಂಟಿಸುತ್ತಿದ್ದರು: ಯಾವ ಕಾಲದ್ದೋ ಯಾವ ಮೈದಾನದ್ದೋ ಜನ; ಮುಂದಿನ ಸಾಲಲ್ಲಿ ಒಬ್ಬ ಹೆಂಗಸು ಮಡಿಲ ಮಗುವಿನ ಎರಡೂ ಕೈ ಹಿಡಿದು ಚಪ್ಪಾಳೆ ತಟ್ಟಿಸುತ್ತಿದ್ದಳು. ಆ ಹೆಂಗಸು ಒಬ್ಬ ಮಂತ್ರಿಗೆ ತಟ್ಟಿದಳು, ಅವನನ್ನು ಇಳಿಸಿದವನಿಗೂ ತಟ್ಟಿದಳು, ಇಳಿಸಿದವನನ್ನು ಜೈಲಿಗೆ ಹಾಕಿದವನಿಗೂ ಅಷ್ಟೇ ಖುಷಿಯಿಂದ ತಟ್ಟಿದಳು. ಮಗು ಮಾತ್ರ ಬೆಳೆಯಲೇ ಇಲ್ಲ. ಒಂದು ದಿನ ಕತ್ತರಿಯಕ್ಕ ಧೈರ್ಯ ಮಾಡಿ, ಇದು ಸುಳ್ಳಲ್ವಾ ಸಾರ್ ಅಂತ ಕೇಳಿದಾಗ ಗುರುಗಳು ಸಿಟ್ಟಾಗಲಿಲ್ಲ. "ಯುದ್ಧದ ಚಿತ್ರ ಅಂತ ನೀನು ನೋಡಿರೋದ್ರಲ್ಲಿ ಅರ್ಧ, ಯುದ್ಧ ಮುಗಿದ ಮೇಲೆ ಸೈನಿಕರನ್ನ ಇನ್ನೊಂದ್ಸಲ ಓಡಿಸಿ ತೆಗೆದಿದ್ದು ಕಣಮ್ಮ. ಓಡಿದ್ದಂತೂ ನಿಜ ತಾನೇ?" ಅಂದಿದ್ದರು. ಆ ಮಾತು ಸಹಿಸದೆ ಅವಳು ಆ ಕೆಲಸ ಬಿಟ್ಟಳು. ನಿಜದ ಚಿತ್ರ ಮಾಡುವವರ ಜೊತೆ ಸೇರಿಕೊಂಡಳು. ಸರ್ಕಾರದ ಸುಳ್ಳಿಗೆ ಎದುರು ನಿಂತವರು, ಲಾಠಿ ತಿಂದವರು, ಗೋಡೌನಿನಲ್ಲಿ ಬೆಡ್‌ಶೀಟ್ ಕಟ್ಟಿ ಚಿತ್ರ ತೋರಿಸಿದವರು. ಅವರ ಬಗ್ಗೆ ಅವಳಿಗೆ ಈಗಲೂ ಗೌರವವಿದೆ. ಆದರೆ ಅವರ ಮೇಜಿನ ಮೇಲೂ ಒಂದು ಡಬ್ಬಿ ಇತ್ತು, ಅದರ ಮೇಲೆ ಹೆಸರು ಬರೆದಿರಲಿಲ್ಲ, ಅಷ್ಟೇ.

"ಅಕ್ಕ, ಕೈ ತೆಗೀರಿ." ನಿರ್ದೇಶಕ ಯಾವಾಗ ಬಂದು ಬೆನ್ನ ಹಿಂದೆ ನಿಂತಿದ್ದನೋ.

"ಅವನು ಹೇಳಿಲ್ಲ ಕಣೋ."

"ಹೇಳೋಕೆ ಆಗ್ಲಿಲ್ಲ. ಹೇಳಿಲ್ಲ ಅನ್ನೋದು ಬೇರೆ, ಹೇಳೋಕಾಗ್ಲಿಲ್ಲ ಅನ್ನೋದು ಬೇರೆ." ಕುರ್ಚಿ ಎಳೆದು ಕೂತ. ಗಡ್ಡ ಬೋಳಿಸಿರಲಿಲ್ಲ, ಕಣ್ಣ ಕೆಳಗೆ ಕಪ್ಪು. "ಆ ಮೌನ ನೋಡಿ ನೀವೇ. ಗೊತ್ತಿಲ್ಲದವನು ಅಷ್ಟು ಹೊತ್ತು ಸುಮ್ನೆ ಇರ್ತಾನಾ?"

"ಹಾಗಾದ್ರೆ ಆ ಮೌನಾನೇ ಇಡೋಣ."

"ಮೌನಾನ ಯಾರು ಕೇಳಿಸ್ಕೊಳ್ತಾರೆ ಅಕ್ಕ? ಆ ಆಫೀಸಿನಲ್ಲಿ ಕೂತಿರೋ ಕಳ್ಳನನ್ಮಕ್ಕಳು ಕೇಳಿಸ್ಕೊಳ್ತಾರಾ? ಮತ್ತೆ ಅದೇ ಕೊಳವೆ ಇನ್ನೊಂದು ಬಡಾವಣೆಗೆ ಎಳೀತಿದ್ದಾರೆ, ಗೊತ್ತಲ್ವಾ ನಿಮಗೆ? ಈ ಒಂದು ಹೂಂ ಇಲ್ದಿದ್ರೆ ನಮ್ಮ ಸಿನಿಮಾ ಬರೀ ಅಳು."

"ಅವನ ಹೆಂಡ್ತಿ ನೋಡ್ತಾಳಲ್ಲೋ."

ಅವನು ಮುಖ ಉಜ್ಜಿಕೊಂಡ. ಕೆಟ್ಟವನಲ್ಲ, ಸತ್ತ ಮಕ್ಕಳ ಹೆಸರೆಲ್ಲ ಅವನಿಗೆ ಬಾಯಿಪಾಠ ಬರುತ್ತದೆ. "ಅದಕ್ಕೇ ತಾನೇ ಮೊದಲು ಅವರಿಗೆ ತೋರಿಸ್ತೀನಿ ಅಂತ ಕರೆಸಿದ್ದು? ಇಷ್ಟು ಜನ ಸಿನಿಮಾ ಮಾಡ್ತಾರೆ, ಯಾರು ಕರೆಸ್ತಾರೆ ಹೇಳಿ? ಅವರೇ ತೆಗೀರಿ ಅಂದ್ರೆ ತೆಗೆದುಬಿಡೋಣ. ನಂಗೂ ಸಮಾಧಾನ, ನಿಮಗೂ ಸಮಾಧಾನ." ಅವಳು ಮೌಸಿನಿಂದ ಕೈ ತೆಗೆದಳು. ಯಾಕೆ ತೆಗೆದೆ ಅಂತ ಆಮೇಲೆ ಎಷ್ಟು ಯೋಚಿಸಿದರೂ ಹೊಳೆದ ಕಾರಣ ಒಂದೇ: ಆ ಜೋಡಣೆ ಚೆನ್ನಾಗಿತ್ತು. ಅವಳು ಇಡೀ ಚಿತ್ರದಲ್ಲಿ ಮಾಡಿದ ಅತಿ ಚೆನ್ನಾದ ಜೋಡಣೆ ಅದು, ಬಿಡಲು ಮನಸ್ಸಾಗಲಿಲ್ಲ. ಇದನ್ನು ಯೋಚಿಸಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮಧ್ಯಾಹ್ನ ಅವರು ಬಂದರು. ಮೆಟ್ಟಿಲು ಹತ್ತಿ ಬಂದವನನ್ನು ಕಂಡು ಅವಳು ಬೆಚ್ಚಿದಳು; ತಿಂಗಳುಗಟ್ಟಲೆ ಪರದೆಯಲ್ಲಿ ನೋಡಿದವನು ಕೈಕಾಲು ಸಮೇತ ಬಾಗಿಲಲ್ಲಿ ನಿಂತಿದ್ದ, ಅಂದುಕೊಂಡಿದ್ದಕ್ಕಿಂತ ಗಿಡ್ಡ. ಚಿತ್ರದಲ್ಲಿದ್ದ ಅದೇ ನೀಲಿ ಶರಟು, ಒಗೆದು ಇಸ್ತ್ರಿ ಮಾಡಿದ್ದು. ಇವತ್ತೂ ಚಿತ್ರ ತೆಗೆಯುತ್ತಾರೇನೋ ಅಂತ ಹಾಕಿಕೊಂಡು ಬಂದನಂತೆ. ಹೆಂಡತಿ ಹಿಂದೆ ನಿಂತು ಉಸಿರು ಸುಧಾರಿಸಿಕೊಂಡಳು. ನಿರ್ದೇಶಕ ಲೋಟದಲ್ಲಿ ನೀರು ತಂದುಕೊಟ್ಟ. ಅವಳು ತೆಗೆದುಕೊಂಡು, ಮೇಜಿನ ಮೇಲಿಟ್ಟು, ಚೀಲದಿಂದ ತನ್ನದೇ ಬಾಟಲಿ ತೆಗೆದು ಕುಡಿದಳು. "ತಪ್ಪು ತಿಳ್ಕೋಬೇಡಿ. ಕುದಿಸಿದ್ದು," ಅಂದಳು. ಅವನು ಕತ್ತರಿಯಕ್ಕನ ಕಡೆ ತಿರುಗಿ, "ನನ್ನ ಮಾತೆಲ್ಲ ಸರಿಯಾಗಿ ಜೋಡಿಸಿದೀರಾ ಅಮ್ಮ? ನನಗೆ ಮಾತು ಅಷ್ಟಕ್ಕಷ್ಟೇ," ಅಂದ. ಅವಳು ತಲೆ ಅಲ್ಲಾಡಿಸಿದಳು. ಅದು ಹೌದೋ ಅಲ್ಲವೋ ಯಾರಿಗೂ ತಿಳಿಯುವಂತಿರಲಿಲ್ಲ.

ಕತ್ತಲೆಕೋಣೆಯಲ್ಲಿ ಗಂಡ ಹೆಂಡತಿ ಮುಂದೆ ಕೂತರು, ನಿರ್ದೇಶಕ ಪಕ್ಕಕ್ಕೆ, ಅವಳು ಹಿಂದೆ ಗೋಡೆಗೊರಗಿ ನಿಂತಳು. ಚಿತ್ರ ಓಡಿತು. ತಮ್ಮ ಬೀದಿ ಬಂದಾಗ ಅವರಿಬ್ಬರೂ ಗೋಣು ಮುಂದೆ ಚಾಚಿದರು. ಮೊಮ್ಮಗಳ ಫೋಟೋ ಬಂದಾಗ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು, ಗಂಡನ ಕೈ ಅವಳ ಮಂಡಿಯ ಮೇಲೆ ಹೋಯಿತು. ಆಮೇಲೆ ಅಂಗೈ ಬಂತು. ಪ್ರಶ್ನೆ ಬಂತು. ಕತ್ತರಿಯಕ್ಕ ಕಣ್ಣು ಮುಚ್ಚಿಕೊಂಡಳು, ಕಿವಿ ಮುಚ್ಚಿಕೊಳ್ಳಲಾಗಲಿಲ್ಲ. ಹೂಂ. ಇಷ್ಟು ದಿನ ನಲ್ಲಿಯಲ್ಲಿ, ಫ್ರಿಜ್ಜಿನಲ್ಲಿ, ಲಿಫ್ಟಿನಲ್ಲಿ ತಪ್ಪಿಸಿಕೊಂಡು ಓಡಾಡುತ್ತಿದ್ದದ್ದು ಈಗ ದೊಡ್ಡ ಸ್ಪೀಕರಿನಿಂದ ಕೋಣೆ ತುಂಬ ಬಂತು. ಕಣ್ಣು ತೆರೆದಾಗ ಅವನ ಕೈ ಮಂಡಿಯ ಮೇಲಿರಲಿಲ್ಲ. ಹೆಂಡತಿಯೇ ತೆಗೆದಿಟ್ಟಳೋ, ಅವನೇ ತೆಗೆದುಕೊಂಡನೋ ಅವಳು ನೋಡಿರಲಿಲ್ಲ.

ಚಿತ್ರ ಮುಗಿದು ಪರದೆ ಖಾಲಿಯಾಯಿತು. ಯಾರೂ ಎದ್ದು ದೀಪ ಹಾಕಲಿಲ್ಲ.

"ನಿಮಗೆ ಗೊತ್ತಿತ್ತಾ?" ಹೆಂಡತಿ ಪರದೆಯನ್ನೇ ನೋಡುತ್ತಾ ಕೇಳಿದಳು.

"ನಾನೇ ಹೇಳಿದೀನಲ್ಲ ಅದರಲ್ಲಿ," ಅಂದ ಅವನು. ಧ್ವನಿಯಲ್ಲಿ ಬರೀ ಆಶ್ಚರ್ಯ. ತಾನು ಯಾವಾಗ ಹೇಳಿದೆ ಅಂತ ನೆನೆಸಿಕೊಳ್ಳಲು ಒದ್ದಾಡುತ್ತಿದ್ದ.

"ಹೇಳಿಲ್ಲ!" ಕತ್ತರಿಯಕ್ಕನ ಬಾಯಿಂದ ಬಂದೇಬಿಟ್ಟಿತು. ನಿರ್ದೇಶಕ ತಿರುಗಿ ನೋಡಿದ, ನೋಡಲಿ. "ನೀವು ಹೇಳಿಲ್ಲ. ಅದು ಬೇರೆ ಮಾತಿಗೆ ಅಂದಿದ್ದು. ನಾನು ಎತ್ತಿ ತಂದು ಅಲ್ಲಿಟ್ಟೆ. ನಾನೇ. ಇರಿ, ತೋರಿಸ್ತೀನಿ." ಕತ್ತರಿಸದ ಮೂಲ ಚಿತ್ರವನ್ನು ಹುಡುಕಿ ಹಾಕಿದಳು. ಮೊಮ್ಮಗಳು ಆಟಕ್ಕೆ ಬರುತ್ತಿದ್ದ ಮಾತು, ಹೂಂ. ಆಮೇಲೆ ಪ್ರಶ್ನೆ. ಆಮೇಲೆ ಏನೂ ಇಲ್ಲ. ಅಂಗೈ, ತಗ್ಗಿದ ತಲೆ, ದೂರದಲ್ಲಿ ಪಂಪಿನ ಸದ್ದು, ಲಾರಿಯ ಹಾರ್ನು. ಅವನು ಎದ್ದು ಹೋಗುವ ಕಡೆ ಚಿತ್ರ ನಿಲ್ಲಿಸಿದಳು. ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಅಳು ಬಂತು. "ನೋಡಿದ್ರಾ ಅಮ್ಮ? ಇವರು ಏನೂ ಹೇಳೇ ಇಲ್ಲ."

"ನೋಡ್ದೆ," ಅಂದಳು ಹೆಂಡತಿ. "ಇಲ್ಲ ಅಂತಾನೂ ಹೇಳ್ಲಿಲ್ಲ."

ಈಗ ಅವಳು ಕುರ್ಚಿಯಲ್ಲೇ ಪೂರ್ತಿ ಗಂಡನ ಕಡೆ ತಿರುಗಿದಳು. "ಹೂಂ ಅಂದಿದ್ರೆ ಬಾಯಿ ತಪ್ಪಿ ಅಂದ್ರು ಅಂದ್ಕೊಳ್ತಿದ್ದೆ. ಗೊತ್ತಿಲ್ಲ ಅನ್ನೋಕೆ ಇಷ್ಟು ಹೊತ್ತು ಬೇಕಾಯ್ತಾ ನಿಮಗೆ?" ಅವನು ಅಂಗೈ ನೋಡಿಕೊಂಡ. ಪರದೆಯ ಮೇಲೆ ಎದ್ದು ನಿಲ್ಲುತ್ತಿದ್ದವನ ಬೆನ್ನು, ಕೆಳಗೆ ಕುರ್ಚಿಯಲ್ಲಿ ಅದೇ ಶರಟಿನ ಬೆನ್ನು. ಇವನಿಗೆ ಎದ್ದು ಹೋಗಲು ಪಂಪಿರಲಿಲ್ಲ.

"ವಾಸನೆ ಇತ್ತು," ಅಂದ. "ಬೆಳಗಿನ ಜಾವ ವಾಲ್ವ್ ತಿರುಗಿಸ್ದಾಗಲೇ ಇತ್ತು. ಫೋನ್ ಮಾಡಿ ಹೇಳ್ದೆ. ಸ್ವಲ್ಪ ಹೊತ್ತು ಹರಿದ್ರೆ ಸರಿ ಹೋಗುತ್ತೆ, ಬಿಡಯ್ಯಾ ಅಂದ್ರು. ಬಿಟ್ಟೆ."

"ಮನೇಲಿ?"

"ಹೇಳ್ಬೇಕು ಅಂದ್ಕೊಂಡೇ ಬಂದೆ ಕಣೇ. ನಿದ್ದೆ ಇರ್ಲಿಲ್ಲ. ನೀನು ತಿಂಡಿ ಕೊಟ್ಟೆ. ತಿಂದೆ. ಮಲಗ್ಬಿಟ್ಟೆ." ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಮರ್ತೆ."

ಕತ್ತರಿಯಕ್ಕನಿಗೆ ಉಸಿರು ಕಟ್ಟುತ್ತಿತ್ತು. ದುಃಖಕ್ಕೆ ಅಂದುಕೊಂಡಿದ್ದಳು, ಅದಲ್ಲ; ತಾನೇ ಉಸಿರು ಬಿಗಿಹಿಡಿದು ನಿಂತಿದ್ದಳು, ಒಂದು ಕಾಲ ಮೇಲೆ, ಚಪ್ಪಲಿ ಸದ್ದಾಗದ ಹಾಗೆ. ಯಾವಾಗಿನಿಂದ ಹಾಗೆ ನಿಂತಿದ್ದೇನೆ ಅಂತ ನೋಡಿಕೊಂಡಳು. ನಿರ್ದೇಶಕ ಮೊಬೈಲನ್ನು ಎದೆಯ ಹತ್ತಿರ ಎತ್ತಿ ಹಿಡಿದಾಗಿನಿಂದ. ಅವನು ಎತ್ತಿದ್ದನ್ನು ಅವಳು ಓರೆಗಣ್ಣಲ್ಲಿ 'ವಾಸನೆ ಇತ್ತು' ಅನ್ನುವುದಕ್ಕೂ ಮುಂಚೆ ಕಂಡಿದ್ದಳು. ಕಂಡವಳ ಬಾಯಿ ಬೇಡ ಅನ್ನಲಿಲ್ಲ, ಮೈ ತಾನಾಗಿ ಸದ್ದಡಗಿಸಿ ನಿಂತುಬಿಟ್ಟಿತ್ತು, ಧ್ವನಿ ಕೆಡಬಾರದು ಅಂತ. ತಲೆಯೊಳಗೆ ಯಾರೋ ಆಗಲೇ ಲೆಕ್ಕ ಹಾಕುತ್ತಿದ್ದರು: 'ಮರ್ತೆ'ಗೆ ಕತ್ತರಿಸು. ಅದಾದ ಮೇಲೆ ಏನೂ ಬೇಡ.

ಹೆಂಡತಿಯೂ ಮೊಬೈಲ್ ಕಂಡಳು. ನಿರ್ದೇಶಕನ ಕೈ ಸೋತು ಕೆಳಗಿಳಿಯಿತು. ಅವಳು ಕಿರುಚಿ ಮೊಬೈಲ್ ಕಿತ್ತುಕೊಳ್ಳುತ್ತಾಳೆ ಅಂತಲೇ ಕತ್ತರಿಯಕ್ಕ ಕಾದಳು. ಕಿತ್ತುಕೊಳ್ಳಲಿ ತಾಯೀ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು.

"ಅದರಲ್ಲಿ ಬಂತಾ ಇವರು ಹೇಳಿದ್ದು?" ಹೆಂಡತಿ ಕೇಳಿದಳು.

"ಅಮ್ಮ, ನಾನು..."

"ಬಂತಾ, ಇಲ್ವಾ?"

"ಧ್ವನಿ ಬಂದಿದೆ," ಅಂದ ನಿರ್ದೇಶಕ. "ಕತ್ತಲಲ್ವಾ, ಮುಖ ಕಾಣಲ್ಲ."

ಹೆಂಡತಿ ಎದ್ದಳು. ಗಂಡನ ಕುರ್ಚಿಯ ಹಿಂದೆ ಕೈ ಹಾಕಿ, ಅವನು ಕೂತಿದ್ದ ಹಾಗೇ, ನಿರ್ದೇಶಕನ ಕಡೆಗೆ ತಿರುಗಿಸಿದಳು. ಕುರ್ಚಿಯ ಕಾಲು ನೆಲಕ್ಕೆ ಕಿರ್ರ್ ಅಂತು. ಅವನು ತಿರುಗಿಸಿದ ಕಡೆ ತಿರುಗಿದ. ಮನೆಯಿಂದ ಹೊರಡುವಾಗ ಸರಿಮಾಡಿದ ಹಾಗೆ ಅವನ ಕಾಲರ್ ಸರಿಮಾಡಿದಳು, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

"ಇನ್ನೊಂದ್ಸಲ ಹೇಳಿ," ಅಂದಳು. "ಎಲ್ಲಾನೂ ಹೇಳಿ. ಮರ್ತೆ ಅಂದ್ರಲ್ಲ, ಅದನ್ನೂ." ಕತ್ತರಿಯಕ್ಕನ ಕಡೆ ತಿರುಗಿದಳು. ಅವಳ ಕಣ್ಣು ಒಣಗಿತ್ತು. "ದೀಪ ಹಾಕಮ್ಮ. ಮುಖ ಕಾಣ್ಲಿ."

ಸ್ವಿಚ್ಚು ಕತ್ತರಿಯಕ್ಕನ ಭುಜದ ಪಕ್ಕದಲ್ಲೇ ಇತ್ತು. ಅವಳು ಹಾಕಿದಳು.